ಕ್ಯಾಮೆರಾ ಪ್ರಶ್ನೋತ್ತರ: ಹತ್ತಿರದ ಚಿತ್ರಕ್ಕೆ ಕಡಿಮೆ ಖರ್ಚಿನ ದಾರಿಗಳು

ಮಳೆ ಹಿಂದೆ ಸರಿಯುವ ಹೊತ್ತಾದುದರಿಂದಲೋ ಏನೋ, ಈ ಸಲ ಕಾಸರಗೋಡಿನ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಹೂವು, ಹುಳು, ಚಿಟ್ಟೆಗಳನ್ನು ಹತ್ತಿರದಿಂದ ತೆಗೆಯುವ ಬಗ್ಗೆಯೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇನೆ. ಬೆಲೆಗಳು ಅಂಗಡಿಯಿಂದ ಅಂಗಡಿಗೆ ಬದಲಾಗುವುದರಿಂದ ಅಂದಾಜನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಪೆರ್ಲದ ಸಮೀಪದ ಶಾಲೆಯೊಂದರಲ್ಲಿ ಅಧ್ಯಾಪಿಕೆ. ನಮ್ಮೂರಿನ ಮುರಕಲ್ಲಿನ ಪಾದೆಗಳ ಮೇಲೆ ಮಳೆಗಾಲದ ಕೊನೆಗೆ ಅರಳುವ ಸಣ್ಣ ನೀಲಿ ಹೂಗಳ ಚಿತ್ರ ತೆಗೆದು ಮಕ್ಕಳಿಗೆ ತೋರಿಸಬೇಕೆಂಬ ಆಸೆಯಿದೆ. ನನ್ನಲ್ಲಿರುವುದು ಕ್ಯಾನನ್ 1500ಡಿ ಕ್ಯಾಮೆರಾ ಮತ್ತು ಅದರೊಡನೆ ಬಂದ 18-55 ಮಿ.ಮೀ. ಲೆನ್ಸ್ ಮಾತ್ರ. ಹತ್ತಿರದ ಚಿತ್ರಕ್ಕೆಂದೇ ಮಾಡಿದ ಮ್ಯಾಕ್ರೊ ಲೆನ್ಸಿನ ಬೆಲೆ ಕೇಳಿ ಆ ಯೋಚನೆಯನ್ನೇ ಬಿಟ್ಟಿದ್ದೇನೆ. ಒಂದೆರಡು ಸಾವಿರ ರೂಪಾಯಿಯೊಳಗೆ ಬೇರೆ ದಾರಿ ಇದೆಯೇ?

ಉತ್ತರ: ಟೀಚರ್, ದಾರಿ ಇದೆ, ಆದರೆ ದುಡ್ಡು ಖರ್ಚು ಮಾಡುವ ಮೊದಲು ಮಕ್ಕಳ ಕಂಪಾಸ್ ಪೆಟ್ಟಿಗೆಯಿಂದ ಒಂದು ಸ್ಕೇಲನ್ನು ಎರವಲು ಪಡೆಯಿರಿ. ಲೆನ್ಸನ್ನು 55 ಮಿ.ಮೀ.ಗೆ ತಿರುಗಿಸಿ, ಫೋಕಸನ್ನು ಕೈಯಿಂದ ಮಾಡುವ ಸ್ಥಿತಿಗೆ ತಂದು, ಅದು ಎಷ್ಟು ಹತ್ತಿರಕ್ಕೆ ಹೋಗುವುದೋ ಅಷ್ಟು ಹತ್ತಿರದಿಂದ ಸ್ಕೇಲಿನ ಒಂದು ಚಿತ್ರ ತೆಗೆಯಿರಿ. ಚಿತ್ರದ ಅಗಲದಲ್ಲಿ ಸುಮಾರು 65 ಮಿ.ಮೀ. ಕಾಣಿಸೀತು. ನಿಮ್ಮ ಕ್ಯಾಮೆರಾದ ಸೆನ್ಸರಿನ ಅಗಲ 22.3 ಮಿ.ಮೀ.; ಅದನ್ನು 65ರಿಂದ ಭಾಗಿಸಿದರೆ 0.34 ಬರುತ್ತದೆ. ವಸ್ತುವಿನ ನಿಜವಾದ ಗಾತ್ರದ ಮೂರನೆಯ ಒಂದು ಪಾಲು ಸೆನ್ಸರಿನ ಮೇಲೆ ಮೂಡುತ್ತಿದೆ ಎಂಬುದು ಇದರ ಅರ್ಥ. ಕ್ಯಾಮೆರಾದೊಡನೆ ಬರುವ ಈ ಲೆನ್ಸನ್ನು ಅಗ್ಗದ್ದೆಂದು ಹಲವರು ಮೂಲೆಗಿಡುತ್ತಾರಾದರೂ ಹತ್ತಿರದ ಚಿತ್ರದ ಮಟ್ಟಿಗೆ ಅದು ತನ್ನ ಬೆಲೆಯನ್ನು ಮೀರಿ ಕೆಲಸ ಮಾಡುತ್ತದೆ. ಲೆನ್ಸಿನ ವಿವರದಲ್ಲಿ ಕೊಟ್ಟಿರುವ 25 ಸೆಂ.ಮೀ. ಕನಿಷ್ಠ ದೂರವನ್ನು ಲೆನ್ಸಿನ ತುದಿಯಿಂದಲ್ಲ, ಒಳಗಿನ ಸೆನ್ಸರಿನಿಂದ ಅಳೆಯಬೇಕು ಎಂಬುದು ತಿಳಿಯದೆ, ಇನ್ನೂ ಹತ್ತಿರ ಹೋಗಬಹುದಾಗಿದ್ದವರು ದೂರದಲ್ಲೇ ನಿಂತುಬಿಡುವುದುಂಟು.

ನೀವು ಹೇಳುವ ನೀಲಿ ಹೂ ಯುಟ್ರಿಕ್ಯುಲೇರಿಯಾ ಎಂಬ ಕೀಟಾಹಾರಿ ಗಿಡದ್ದಾಗಿರಬೇಕು. ಓಣಂ ಹೊತ್ತಿಗೆ ಮಲಯಾಳ ಮಾತನಾಡುವ ನೆರೆಹೊರೆಯವರು ‘ಕಾಕ್ಕಪ್ಪೂ’ ಎಂದು ಕೊಯ್ದು ತರುವುದು ಇದನ್ನೇ. ಸೆಂಟಿಮೀಟರ್ ಅಗಲದ ಒಂದು ಹೂ ಮೇಲಿನ ಲೆಕ್ಕದಂತೆ ಚಿತ್ರದ ಅಗಲದ ಆರೇಳನೆಯ ಒಂದು ಪಾಲನ್ನಷ್ಟೇ ತುಂಬುತ್ತದೆ. ಹೂಗಳ ಗುಂಪನ್ನು, ಅವು ನಿಂತ ನೀರಿನ ಪಸೆಯನ್ನು ತೋರಿಸಲು ಇಷ್ಟು ಸಾಕು. ಒಂದೇ ಹೂವಿನ ಎಸಳು ಮತ್ತು ಹಿಂಭಾಗದ ಕೊಂಬಿನಂಥ ರಚನೆ ಕಾಣಬೇಕಾದರೆ ಸಾಲದು. ಅಂಥಲ್ಲಿ ಕಡಿಮೆ ಖರ್ಚಿನ ಉಪಾಯಗಳು ಮೂರು.

ಮೊದಲನೆಯದು ಲೆನ್ಸಿನ ಮುಂದೆ ತಿರುಗಿಸಿ ಕೂರಿಸುವ ಕ್ಲೋಸ್‌ಅಪ್ ಫಿಲ್ಟರ್. ಹೆಸರಿಗೆ ಫಿಲ್ಟರ್ ಆದರೂ ಅದು ಓದುವ ಕನ್ನಡಕದಂಥ ಒಂದು ಪೀನ ಮಸೂರ. ಅದರ ಶಕ್ತಿಯನ್ನು ಕನ್ನಡಕದವರಂತೆಯೇ ಡಯಾಪ್ಟರ್‌ನಲ್ಲಿ ಹೇಳುತ್ತಾರೆ. 1000ವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಅದರ ಫೋಕಲ್ ಲೆಂತ್ (ಲೆನ್ಸಿನ ಮೇಲೆ 55 ಮಿ.ಮೀ. ಎಂದು ಬರೆದಿರುವಂಥ ಅಳತೆ) ಮಿಲಿಮೀಟರಿನಲ್ಲಿ ಸಿಗುತ್ತದೆ: +4 ಫಿಲ್ಟರ್‌ಗೆ 250 ಮಿ.ಮೀ. ನಿಮ್ಮ ಲೆನ್ಸಿನ ತುದಿಗೆ 58 ಮಿ.ಮೀ. ವ್ಯಾಸದ್ದು ಹೊಂದುತ್ತದೆ. +4 ಹಾಕಿ ಅತಿ ಹತ್ತಿರದ ಫೋಕಸ್‌ನಲ್ಲಿ ತೆಗೆದರೆ ಸೆನ್ಸರಿನ ಮೇಲೆ ಹೂವಿನ ಬಿಂಬ ಅದರ ನಿಜ ಗಾತ್ರದ ಸುಮಾರು ಅರ್ಧದಷ್ಟಾಗುತ್ತದೆ. ಬೆಳಕು ಕಡಿಮೆಯಾಗುವುದಿಲ್ಲ, ಆಟೊಫೋಕಸ್ ಕೆಲಸ ಮಾಡುತ್ತದೆ, ಕ್ಯಾಮೆರಾಕ್ಕೆ ಏನೂ ಗೊತ್ತಾಗುವುದಿಲ್ಲ. +1, +2, +4, +10 ಎಂಬ ನಾಲ್ಕರ ಕಟ್ಟು ಕೆಲವು ನೂರು ರೂಪಾಯಿಗೆ ಸಿಗುತ್ತದೆಯಾದರೂ ಅದರಲ್ಲಿ +10 ಎಂಬುದು ಲೆಕ್ಕ ತುಂಬಿಸಲು ಇಟ್ಟದ್ದೆಂದೇ ನನ್ನ ಅಭಿಪ್ರಾಯ. ಒಂಟಿ ಗಾಜಿನಿಂದ ಮಾಡಿದ ಅಷ್ಟು ಬಲವಾದ ಮಸೂರದಲ್ಲಿ ಚಿತ್ರದ ಅಂಚುಗಳು ಕದಡಿ, ಹೂವಿನ ಸುತ್ತ ನೇರಳೆ-ಹಸುರು ಬಣ್ಣದ ಗೆರೆ ಮೂಡುತ್ತದೆ. +2 ಮತ್ತು +4 ಬಳಸಿ, ಬೆಳಕು ಹಾಯುವ ಕಿಂಡಿಯಾದ ಅಪರ್ಚರನ್ನು ಎಫ್/8 ಅಥವಾ ಎಫ್/11ಕ್ಕೆ ಕಿರಿದುಗೊಳಿಸಿದರೆ ಆ ದೋಷ ಬಹುಪಾಲು ಅಡಗುತ್ತದೆ.

ಎರಡನೆಯದು ಎಕ್ಸ್‌ಟೆನ್ಷನ್ ಟ್ಯೂಬ್. ಇದರಲ್ಲಿ ಗಾಜೇ ಇಲ್ಲ. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂರುವ ಪೊಳ್ಳು ಬಳೆ, ಲೆನ್ಸನ್ನು ಸೆನ್ಸರಿನಿಂದ ದೂರ ತಳ್ಳುವುದಷ್ಟೇ ಅದರ ಕೆಲಸ. ಬಳೆಯ ಉದ್ದವನ್ನು ಲೆನ್ಸಿನ ಫೋಕಲ್ ಲೆಂತಿನಿಂದ ಭಾಗಿಸಿದರೆ ಎಷ್ಟು ಹಿಗ್ಗುತ್ತದೆಂದು ತಿಳಿಯುತ್ತದೆ. ಫಿಲ್ಟರಿಗಾದರೆ ಲೆನ್ಸಿನ ಫೋಕಲ್ ಲೆಂತನ್ನೇ ಫಿಲ್ಟರಿನದರಿಂದ ಭಾಗಿಸಬೇಕು. ಹೀಗಾಗಿ ಫಿಲ್ಟರ್ ಉದ್ದ ಲೆನ್ಸಿನೊಡನೆ ಬಲಶಾಲಿ, ಟ್ಯೂಬ್ ಗಿಡ್ಡ ಲೆನ್ಸಿನೊಡನೆ ಬಲಶಾಲಿ. ಈ ಒಂದು ವ್ಯತ್ಯಾಸ ತಿಳಿದಿದ್ದರೆ ಅಂಗಡಿಯಲ್ಲಿ ಅರ್ಧ ದುಡ್ಡು ಉಳಿಯುತ್ತದೆ. 12 ಮಿ.ಮೀ. ಟ್ಯೂಬ್ ಹಾಕಿ 55 ಮಿ.ಮೀ.ನಲ್ಲಿ ತೆಗೆದರೆ ಲೆನ್ಸಿನ ಸ್ವಂತ ಶಕ್ತಿಯ ಮೇಲೆ ಇನ್ನೊಂದಿಷ್ಟು ಸೇರುತ್ತದೆ. ಅದನ್ನೇ 18 ಮಿ.ಮೀ.ನಲ್ಲಿ ಪ್ರಯತ್ನಿಸಿದರೆ ಹೂವು ಮುಂದಿನ ಗಾಜಿಗೆ ತಾಗುವಷ್ಟು ಹತ್ತಿರ ಬಂದರೂ ಫೋಕಸ್ ಸಿಗದೆ ಹೋಗಬಹುದು. ಟ್ಯೂಬಿನಲ್ಲಿ ಬೆಳಕು ಸೋರುತ್ತದೆ: ನಿಜ ಗಾತ್ರದ ಬಿಂಬಕ್ಕೆ ಹೋದಾಗ ನಾಲ್ಕು ಪಟ್ಟು ಬೆಳಕು ಬೇಕು.

ಮೂರನೆಯದಾದ ರಿವರ್ಸ್ ರಿಂಗ್ ಎಲ್ಲಕ್ಕಿಂತ ಅಗ್ಗ. ಲೆನ್ಸನ್ನು ಹಿಂದುಮುಂದಾಗಿ ಕೂರಿಸುವ ಈ ಬಳೆಯಿಂದ ನಿಮ್ಮ ಲೆನ್ಸೇ ನಿಜ ಗಾತ್ರವನ್ನು ಮೀರಿದ ಚಿತ್ರ ಕೊಡುತ್ತದೆ. ಆಗ 18 ಮಿ.ಮೀ. ತುದಿಯಲ್ಲೇ ಹೆಚ್ಚು ಹಿಗ್ಗುವುದು. ಆದರೆ ಲೆನ್ಸಿಗೂ ಹೂವಿಗೂ ಉಳಿಯುವ ದೂರ ನಾಲ್ಕೂವರೆ ಸೆಂ.ಮೀ. ಆಸುಪಾಸು, ಆಟೊಫೋಕಸ್ ಇಲ್ಲ, ಅಪರ್ಚರ್ ಪೂರ್ತಿ ತೆರೆದೇ ಇರುತ್ತದೆ. ಲೆನ್ಸಿನ ಹಿಂಭಾಗ, ಅದರ ವಿದ್ಯುತ್ ಸಂಪರ್ಕಗಳ ಸಮೇತ, ಬಯಲಿಗೆ ಬಿದ್ದಿರುತ್ತದೆ. ಹನಿ ತೊಟ್ಟಿಕ್ಕುವ ಪಾದೆಯ ಮೇಲೆ ಅದನ್ನು ಬಳಸಿರೆಂದು ನಾನು ಹೇಳಲಾರೆ.

ನಿಮ್ಮ ಕೆಲಸಕ್ಕೆ ನಾನು ಸೂಚಿಸುವುದು ಫಿಲ್ಟರನ್ನೇ, ಅದೂ ಈ ವರ್ಷದ ಮಟ್ಟಿಗೆ. ಉಳಿದ ದುಡ್ಡಿನಲ್ಲಿ ಮೊಣಕೈ ಊರಲು ಒಂದು ದಪ್ಪ ರಬ್ಬರ್ ಹಾಸು ಕೊಂಡರೆ ಒಳ್ಳೆಯದು. ಆ ಹೂಗಳ ಎತ್ತರ ಗೇಣಿಗೂ ಕಡಿಮೆ. ನಿಂತು ಬಾಗಿ ತೆಗೆದ ಚಿತ್ರದಲ್ಲಿ ಕಲ್ಲೇ ಕಾಣುತ್ತದೆ, ಹೊಟ್ಟೆಯಡಿಯಾಗಿ ಮಲಗಿ ತೆಗೆದ ಚಿತ್ರದಲ್ಲಿ ಹೂವು ಆಕಾಶಕ್ಕೆ ನಿಲ್ಲುತ್ತದೆ. ಇಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಕೆಲವೇ ಮಿಲಿಮೀಟರ್. ಆದುದರಿಂದ ಫೋಕಸ್ ಉಂಗುರವನ್ನು ತಿರುಗಿಸುತ್ತ ಕೂರುವ ಬದಲು ಅದನ್ನು ಒಂದು ಕಡೆ ನಿಲ್ಲಿಸಿ, ದೇಹವನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ತೂಗುತ್ತ, ಎಸಳು ಚುರುಕಾದ ಕ್ಷಣಕ್ಕೆ ಗುಂಡಿ ಒತ್ತುವುದನ್ನು ರೂಢಿಸಿಕೊಳ್ಳಿ. ಗಾಳಿ ಏಳುವುದಕ್ಕೆ ಮುನ್ನ, ಬೆಳಗ್ಗೆ ಎಂಟರೊಳಗೆ ಹೋಗಿ.

ಪ್ರಶ್ನೆ: ಕುಂಬಳೆಯಿಂದ ಬರೆಯುತ್ತಿದ್ದೇನೆ. ನನ್ನ ನಿಕಾನ್ ಡಿ3400 ಕ್ಯಾಮೆರಾಕ್ಕೆಂದು ಅತಿ ಕಡಿಮೆ ಬೆಲೆಯ ಎಕ್ಸ್‌ಟೆನ್ಷನ್ ಟ್ಯೂಬ್ ತರಿಸಿಕೊಂಡೆ. ಜೋಡಿಸಿದರೆ ಲೆನ್ಸೇ ಇಲ್ಲವೆಂಬಂತೆ ಕ್ಯಾಮೆರಾ ಸೂಚನೆ ತೋರಿಸುತ್ತದೆ, ವ್ಯೂಫೈಂಡರಿನಲ್ಲಿ ಕತ್ತಲು. ಮಾಲು ಕೆಟ್ಟದ್ದೇ?

ಉತ್ತರ: ಮಾಲು ಕೆಟ್ಟದ್ದಲ್ಲ, ಅದು ಮೂಗ. ಟ್ಯೂಬಿನ ಎರಡೂ ಬದಿಗಳಲ್ಲಿ ಹಿತ್ತಾಳೆ ಬಣ್ಣದ ಚುಕ್ಕೆಗಳಂಥ ಸಂಪರ್ಕಗಳಿಲ್ಲದಿದ್ದರೆ ಲೆನ್ಸ್ ಮತ್ತು ಕ್ಯಾಮೆರಾ ಪರಸ್ಪರ ಮಾತನಾಡುವುದಿಲ್ಲ. ಹೊಸಬರಿಗೆಂದು ಮಾಡಿದ ನಿಕಾನಿನ ಅಗ್ಗದ ಮಾದರಿಗಳಲ್ಲಿ ಹಾಗಾದಾಗ ಬೆಳಕಿನ ಮಾಪನವೂ ನಿಂತುಹೋಗುತ್ತದೆ. ಡಯಲನ್ನು ಎಲ್ಲವನ್ನೂ ಕೈಯಿಂದಲೇ ಹೊಂದಿಸುವ ‘ಎಂ’ಗೆ ತಿರುಗಿಸಿದರೆ ಮಾತ್ರ ಶಟರ್ ಬೀಳುತ್ತದೆ. ಕತ್ತಲಿಗೆ ಕಾರಣ ಬೇರೆ. ಹೆಸರಿನ ಕೊನೆಗೆ ‘ಜಿ’ ಇರುವ ನಿಕಾನ್ ಲೆನ್ಸುಗಳಲ್ಲಿ ಅಪರ್ಚರನ್ನು ತಿರುಗಿಸುವ ಉಂಗುರ ಇರುವುದಿಲ್ಲ. ಹಿಂಬದಿಯ ಒಂದು ಪುಟ್ಟ ಸನ್ನೆಯನ್ನು ಕ್ಯಾಮೆರಾ ಹಿಡಿದಿರದಿದ್ದರೆ ಅಪರ್ಚರ್ ತಾನಾಗಿ ಅತಿ ಸಣ್ಣದಕ್ಕೆ ಮುಚ್ಚಿಕೊಳ್ಳುತ್ತದೆ. ಕ್ಯಾನನ್‌ನಲ್ಲಿ ಇದಕ್ಕೆ ತದ್ವಿರುದ್ಧ: ಮೂಗ ಟ್ಯೂಬ್ ಹಾಕಿದರೆ ಅಪರ್ಚರ್ ಪೂರ್ತಿ ತೆರೆದೇ ಉಳಿದು, ಇರುವೆಯ ಒಂದು ಮೀಸೆ ಸ್ಪಷ್ಟವಾದರೆ ಇನ್ನೊಂದು ಮಸುಕಾಗುತ್ತದೆ.

ನಿಮಗೆ ಎರಡು ದಾರಿಗಳಿವೆ. ಆಟೊಫೋಕಸ್ ಸಂಪರ್ಕವಿರುವ ಟ್ಯೂಬನ್ನು ಒಂದೆರಡು ಸಾವಿರ ಹೆಚ್ಚು ಕೊಟ್ಟು ಕೊಳ್ಳುವುದು ಒಂದು. 12, 20, 36 ಮಿ.ಮೀ.ಗಳ ಮೂರರ ಕಟ್ಟು ಸಾಮಾನ್ಯವಾಗಿ ಸಿಗುವಂಥದ್ದು, 50 ಮಿ.ಮೀ. ಲೆನ್ಸಿಗೆ ಮೊದಲೆರಡನ್ನು ಕೂಡಿಸಿದರೆ ನಿಜ ಗಾತ್ರದ 0.64 ಪಟ್ಟು, ಮೂರನ್ನೂ ಕೂಡಿಸಿದರೆ 1.36 ಪಟ್ಟು ಸಿಗುತ್ತದೆ. ಇನ್ನೊಂದು, ನನಗೆ ಹೆಚ್ಚು ಪ್ರಿಯವಾದದ್ದು: ಈಗಿರುವ ಮೂಗ ಟ್ಯೂಬಿಗೆ ಅಪರ್ಚರ್ ಉಂಗುರವಿರುವ ಹಳೆಯ 50 ಮಿ.ಮೀ. ಲೆನ್ಸನ್ನು ಜೋಡಿಸುವುದು. ಫಿಲ್ಮ್ ಕಾಲದ ಅಂಥ ಲೆನ್ಸುಗಳು ಹಲವು ಮನೆಗಳ ಅಟ್ಟದಲ್ಲಿವೆ. ತಿರುಪಿನಂತೆ ಸುತ್ತಿ ಕೂರಿಸುವ ಎಂ42 ಬಗೆಯ ಲೆನ್ಸ್ ಸಿಕ್ಕಿದರೂ ಒಂದು ಅಡಾಪ್ಟರ್ ಹಾಕಿ ಬಳಸಬಹುದು. ನಿಕಾನಿನಲ್ಲಿ ಅದು ದೂರದ ಬೆಟ್ಟಕ್ಕೆ ಫೋಕಸ್ ಆಗುವುದಿಲ್ಲ, ಏಕೆಂದರೆ ಎಂ42 ಲೆನ್ಸಿಗೂ ಫಿಲ್ಮಿಗೂ ಇರಬೇಕಾದ ಅಂತರ 45.46 ಮಿ.ಮೀ., ನಿಕಾನಿನದು 46.5 ಮಿ.ಮೀ.; ಹತ್ತಿರದ ಚಿತ್ರಕ್ಕೆ ಆ ಒಂದು ಮಿಲಿಮೀಟರಿನ ಹೆಚ್ಚುವರಿ ಲಾಭವೇ ಸರಿ. ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ ಈ ಅಂತರ 44 ಮಿ.ಮೀ. ಆದುದರಿಂದ ಅಲ್ಲಿ ದೂರಕ್ಕೂ ತೊಂದರೆಯಿಲ್ಲ. ಬೆಳಕಿನ ಲೆಕ್ಕವನ್ನು ಒಂದೆರಡು ಪರೀಕ್ಷಾ ಚಿತ್ರಗಳಿಂದ ನೀವೇ ಹಾಕಿಕೊಳ್ಳಬೇಕು; ಡಿಜಿಟಲ್ ಕಾಲದಲ್ಲಿ ಅದಕ್ಕೆ ಫಿಲ್ಮಿನ ಖರ್ಚಿಲ್ಲ.

ಪ್ರಶ್ನೆ: ಬದಿಯಡ್ಕದ ಅಡಿಕೆ ಕೃಷಿಕ ನಾನು. ಸೋಗೆಯಲ್ಲಿ ಕಾಣುವ ಚುಕ್ಕೆಗಳ ಮತ್ತು ಹಿಂಗಾರದ ಹುಳುಗಳ ಚಿತ್ರ ತೆಗೆದು ವಿಜ್ಞಾನಿಗಳಿಗೆ ಕಳುಹಿಸಿದರೆ ‘ಸ್ಪಷ್ಟವಿಲ್ಲ’ ಎನ್ನುತ್ತಾರೆ. ಮಗನ ಕ್ಯಾಮೆರಾ ಇದೆ. ಯಾವ ಲೆನ್ಸ್ ಬೇಕು?

ಉತ್ತರ: ಯಾವ ಲೆನ್ಸೂ ಬೇಡ. ಎಲೆಚುಕ್ಕಿಯಂಥ ರೋಗಕ್ಕೆ ಬೇಕಾದದ್ದು ಚುಕ್ಕೆಯ ಅಂಚಿನ ಬಣ್ಣ, ಅದರ ಸುತ್ತಲಿನ ಹಳದಿ ಉಂಗುರ, ಎಲೆಯಲ್ಲಿ ಅದು ಹರಡಿರುವ ರೀತಿ. ಕ್ಯಾಮೆರಾದೊಡನೆ ಬಂದ ಲೆನ್ಸೇ ಇದಕ್ಕೆ ಧಾರಾಳ. ತೋಟದ ನೆರಳಿನಲ್ಲಿ ಬೆಳಕು ಹಸುರಾಗಿರುತ್ತದೆ, ಶಟರ್ ನಿಧಾನವಾಗುತ್ತದೆ, ಕೈ ಅಲುಗುತ್ತದೆ. ಸ್ಪಷ್ಟವಿಲ್ಲದಿರುವುದಕ್ಕೆ ಮುಖ್ಯ ಕಾರಣ ಇದೇ. ಎಲೆಯ ತುಂಡನ್ನು ಅಂಗಳಕ್ಕೆ ತಂದು, ನೇರ ಬಿಸಿಲು ಬೀಳದ ಜಗಲಿಯ ಅಂಚಿನಲ್ಲಿ ಬಿಳಿ ಕಾಗದದ ಮೇಲಿಟ್ಟು, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ. ಮೇಲ್ಭಾಗ, ಅಡಿಭಾಗ, ಬೆಳಕಿಗೆ ಎದುರಾಗಿ ಹಿಡಿದದ್ದು, ಜೊತೆಗೆ ಇಡೀ ಮರದ್ದೊಂದು, ಹೀಗೆ ನಾಲ್ಕು ಚಿತ್ರಗಳಿರಲಿ. ಹಿಂಗಾರದ ಹುಳುವಿಗೆ ಒಂದು +4 ಫಿಲ್ಟರ್ ಸೇರಿಸಿಕೊಳ್ಳಬಹುದು. ನುಸಿಯಂಥ, ಮಿಲಿಮೀಟರಿಗಿಂತಲೂ ಬಹಳ ಸಣ್ಣ ಜೀವಿಗೆ ಈ ಉಪಕರಣಗಳಾವುವೂ ಸಾಲವು. ಅದಕ್ಕೆ ಕೈಮಸೂರದ ಮೂಲಕ ನೋಡಿ, ಮಾದರಿಯನ್ನೇ ಕೂಡ್ಲಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಗೆ ಕೊಂಡೊಯ್ಯುವುದು ಮೇಲು. ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟಾಗಿ ಕಳುಹಿಸಿ.

ಪ್ರಶ್ನೆ: ಮುಳ್ಳೇರಿಯದವನು. ಯಕ್ಷಗಾನದ ಚಿತ್ರಕ್ಕೆಂದು 50 ಮಿ.ಮೀ. ಎಫ್/1.8 ಲೆನ್ಸ್ ಕೊಳ್ಳುವವನಿದ್ದೇನೆ. ಅದರಿಂದಲೇ ಹುಳುಗಳ ಚಿತ್ರವನ್ನೂ ತೆಗೆಯಬಹುದೇ?

ಉತ್ತರ: ಯಕ್ಷಗಾನಕ್ಕೆ ಖಂಡಿತ ಕೊಳ್ಳಿ. ಎಫ್/5.6ಕ್ಕೆ ಹೋಲಿಸಿದರೆ ಎಫ್/1.8ರಲ್ಲಿ ಸುಮಾರು ಹತ್ತು ಪಟ್ಟು ಬೆಳಕು ಒಳಬರುತ್ತದೆ, ಫ್ಲಾಶ್ ಹೊಡೆದು ವೇಷಧಾರಿಯ ಕಣ್ಣು ಕುಕ್ಕಿಸುವ ಅಗತ್ಯ ಬೀಳುವುದಿಲ್ಲ. ಸುತ್ತುತ್ತ ಹಾರುವ ದಿಗಿಣಕ್ಕೆ ಶಟರ್ 1/500 ಸೆಕೆಂಡಾದರೂ ಇರಲಿ. ಹುಳುಗಳ ವಿಷಯದಲ್ಲಿ ಮಾತ್ರ ನಿರಾಸೆಯಾಗುತ್ತದೆ. ಕ್ಯಾನನ್‌ನ 50 ಮಿ.ಮೀ. ಎಫ್/1.8 ಎಸ್‌ಟಿಎಂ 35 ಸೆಂ.ಮೀ.ಗಿಂತ ಹತ್ತಿರಕ್ಕೆ ಫೋಕಸ್ ಆಗುವುದಿಲ್ಲ. ಅದರ ಗರಿಷ್ಠ ಶಕ್ತಿ 0.21 ಪಟ್ಟು, ಅಂದರೆ ಕ್ಯಾಮೆರಾದೊಡನೆ ಉಚಿತವೆಂಬಂತೆ ಬಂದ ಲೆನ್ಸಿಗಿಂತ ಕಡಿಮೆ. ಅದಕ್ಕೆ ಟ್ಯೂಬ್ ಸೇರಿಸಿದರೆ ಕಥೆಯೇ ಬೇರೆ, ಮೇಲಿನ ಉತ್ತರ ನೋಡಿ. ನಿಕಾನಿನವರಿಗೆ ಒಂದು ಎಚ್ಚರಿಕೆ: ಡಿ3000 ಮತ್ತು ಡಿ5000 ಸಾಲಿನ ಕ್ಯಾಮೆರಾಗಳಲ್ಲಿ ಫೋಕಸ್ ಮೋಟಾರ್ ಇಲ್ಲದಿರುವುದರಿಂದ ‘ಎಎಫ್-ಎಸ್’ ಎಂದು ಬರೆದಿರುವ 50 ಮಿ.ಮೀ.ಯನ್ನೇ ಕೇಳಿ ಪಡೆಯಿರಿ. ಹಳೆಯ ‘ಡಿ’ ಮಾದರಿ ಅಗ್ಗವೆಂದು ತಂದರೆ ರಂಗಸ್ಥಳದೆದುರು ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವಾಗ ಏನನ್ನು ನೋಡಬೇಕು? ಮಂಗಳೂರಿನಲ್ಲಿ ಒಂದು ಮ್ಯಾಕ್ರೊ ಲೆನ್ಸ್ ಅರ್ಧ ಬೆಲೆಗೆ ಇದೆಯಂತೆ. (ಉಪ್ಪಳ)

ಉತ್ತರ: ಮೊದಲು ಬೂಷ್ಟು. ಲೆನ್ಸಿನ ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ. ಜೇಡನ ಬಲೆಯಂಥ ಎಳೆಗಳಿದ್ದರೆ ಅರ್ಧ ಬೆಲೆಯೂ ದುಬಾರಿ. ಆಮೇಲೆ ಅಪರ್ಚರಿನ ಎಲೆಗಳ ಮೇಲೆ ಎಣ್ಣೆಯ ಪಸೆ ಇದೆಯೇ, ಫೋಕಸ್ ಉಂಗುರ ಒಂದೇ ಬಿಗಿಯಲ್ಲಿ ತಿರುಗುತ್ತದೆಯೇ ಎಂದು ನೋಡಿ, ನಿಮ್ಮದೇ ಕ್ಯಾಮೆರಾಕ್ಕೆ ಹಾಕಿ ಹತ್ತು ಚಿತ್ರ ತೆಗೆಯಿರಿ. ನಿಕಾನ್‌ನ 40 ಮಿ.ಮೀ. ಮೈಕ್ರೊ, ಟ್ಯಾಮ್ರಾನ್‌ನ 90 ಮಿ.ಮೀ. ಮ್ಯಾಕ್ರೊಗಳು ಹೀಗೆ ಕೈಬದಲಾಗಿ ಸಿಗುವುದುಂಟು. ಎರಡೂ ಒಳ್ಳೆಯವೇ, ಆದರೆ 40 ಮಿ.ಮೀ.ನಲ್ಲಿ ನಿಜ ಗಾತ್ರಕ್ಕೆ ಹೋಗುವಾಗ ಸೆನ್ಸರಿನಿಂದ ವಸ್ತುವಿಗಿರುವ ದೂರವೇ 16 ಸೆಂ.ಮೀ.; ಲೆನ್ಸಿನ ಉದ್ದವನ್ನು ಕಳೆದರೆ ಉಳಿಯುವುದು ಬೆರಳುಗಳ ಅಗಲವಷ್ಟೇ.

ಬೂಷ್ಟಿನ ಬಗ್ಗೆ ನಾನು ಇಷ್ಟು ಹೇಳುವುದಕ್ಕೆ ಕಾರಣವಿದೆ. ನನ್ನದೊಂದು ಲೆನ್ಸನ್ನು ಅಂದವಾದ ಚರ್ಮದ ಚೀಲದಲ್ಲಿ ಕಟ್ಟಿ ಜೂನ್‌ನಲ್ಲಿ ಕಪಾಟಿನಲ್ಲಿಟ್ಟವನು ಅಕ್ಟೋಬರ್‌ನಲ್ಲಿ ತೆಗೆದು ನೋಡಿದಾಗ, ಒಳಗಿನ ಗಾಜಿನ ಮೇಲೆ ಬಿಳಿಯ ಬೇರುಗಳು ಹಬ್ಬಿದ್ದವು. ಚರ್ಮ ತೇವ ಹೀರುತ್ತದೆ, ಕತ್ತಲೆ ಮತ್ತು ಗಾಳಿಯಾಡದಿರುವಿಕೆ ಬೂಷ್ಟಿಗೆ ಹಿತ. ಈಗ ನಾನು ಹಲಸಿನ ಹಪ್ಪಳ ಇಡುವಂಥ, ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್‌ನೊಂದಿಗೆ ಲೆನ್ಸುಗಳನ್ನಿಡುತ್ತೇನೆ. ಒಳಗೆ ತೇವಾಂಶ ಶೇಕಡಾ 40ರಿಂದ 50ರಷ್ಟಿರಬೇಕು. ಅಳೆಯುವ ಪುಟ್ಟ ಮಾಪಕ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದಾಗ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ಬಣ್ಣ ಕೋಬಾಲ್ಟ್ ಲವಣದ್ದು, ವಿಷಕಾರಿ. ಅಡುಗೆಯ ಬಾಣಲೆಯನ್ನು ಅದಕ್ಕೆ ಬಳಸಬೇಡಿ.

ಪ್ರಶ್ನೆ: ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸ್ ಹೇಗೆ? (ನೀರ್ಚಾಲು)

ಉತ್ತರ: ನಡುಭಾಗ ಚೆನ್ನಾಗಿ ಬರುತ್ತದೆ, ಅಂಚು ಬರುವುದಿಲ್ಲ, ಅಲುಗದ ವಸ್ತುವಿಗೆ, ಎರಡು ಮೂರು ಸೆಂ.ಮೀ. ಹತ್ತಿರ ಹೋಗಬಲ್ಲಿರಾದರೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಪ್ರಶ್ನೆ: ಮಂಜೇಶ್ವರದ ಪದವಿ ವಿದ್ಯಾರ್ಥಿನಿ ನಾನು. ರಿವರ್ಸ್ ರಿಂಗ್ ಹಾಕಿ ಹತ್ತಿರ ಹೋಗುವಷ್ಟರಲ್ಲಿ ಚಿಟ್ಟೆ ಹಾರಿಹೋಗುತ್ತದೆ. ನನ್ನಲ್ಲಿ 55-250 ಮಿ.ಮೀ. ಲೆನ್ಸ್ ಕೂಡ ಇದೆ. ಅದು ಪ್ರಯೋಜನಕ್ಕೆ ಬರುತ್ತದೆಯೇ?

ಉತ್ತರ: ಚಿಟ್ಟೆಗೆ ನಿಮ್ಮ ಕೈಯಲ್ಲಿರುವ ಅತ್ಯುತ್ತಮ ಸಾಧನ ಅದೇ. ಫಿಲ್ಟರಿನ ಶಕ್ತಿ ಉದ್ದ ಲೆನ್ಸಿನೊಡನೆ ಹೆಚ್ಚುತ್ತದೆ ಎಂದು ಮೇಲೆ ಹೇಳಿದ್ದೇನಲ್ಲ, ಅದರ ಪೂರ್ತಿ ಫಲ ಸಿಗುವುದು ಇಲ್ಲಿ. 250 ಮಿ.ಮೀ.ನಲ್ಲಿ, ಫೋಕಸನ್ನು ಅನಂತಕ್ಕಿಟ್ಟು, +2 ಫಿಲ್ಟರ್ ಹಾಕಿದರೆ ಅರ್ಧ ಮೀಟರ್ ದೂರದಿಂದಲೇ ಬಿಂಬ ನಿಜ ಗಾತ್ರದ ಅರ್ಧದಷ್ಟಾಗುತ್ತದೆ. +4ರಲ್ಲಿ 25 ಸೆಂ.ಮೀ. ದೂರದಿಂದ ನಿಜ ಗಾತ್ರದಷ್ಟೇ. ರೆಕ್ಕೆ ಬಿಚ್ಚಿದ ಚಿಟ್ಟೆಗೆ +2 ಸಾಕು, ಅದರ ಕಣ್ಣು ಮತ್ತು ಸುರುಳಿ ಸೊಂಡಿಲಿಗೆ +4.

ಆದರೆ ಉದ್ದ ಲೆನ್ಸಿನ ಮುಂದೆ ಒಂಟಿ ಗಾಜಿನ ಅಗ್ಗದ ಫಿಲ್ಟರಿನ ದೋಷಗಳೂ ಹಿಗ್ಗಿ ಕಾಣುತ್ತವೆ. ಎರಡು ಬಗೆಯ ಗಾಜನ್ನು ಅಂಟಿಸಿ ಬಣ್ಣದ ದೋಷ ತೆಗೆದ, ಅಕ್ರೊಮ್ಯಾಟ್ ಎಂದು ಕರೆಯುವ ಬಗೆಯದ್ದನ್ನೇ ಇಲ್ಲಿ ಕೊಳ್ಳಬೇಕು. ಕ್ಯಾನನ್ ಕಂಪನಿ 500ಡಿ ಎಂಬ ಹೆಸರಿನ +2 ಮತ್ತು 250ಡಿ ಎಂಬ ಹೆಸರಿನ +4 ಅಕ್ರೊಮ್ಯಾಟ್‌ಗಳನ್ನು ತಯಾರಿಸಿದೆ. ಅದೇ ಕಂಪನಿ ಅವೇ ಹೆಸರುಗಳ ಕ್ಯಾಮೆರಾಗಳನ್ನೂ ಮಾರಿರುವುದರಿಂದ ಅಂಗಡಿಯವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ರೇನಾಕ್ಸ್ ಕಂಪನಿಯ ಕ್ಲೋಸ್‌ಅಪ್ ಮಸೂರಗಳಲ್ಲಿ ಡಿಸಿಆರ್-150ರ ಶಕ್ತಿ 4.8, ಡಿಸಿಆರ್-250ರದ್ದು 8. ಕ್ಲಿಪ್ಪಿನಿಂದ ಸಿಕ್ಕಿಸುವ ಅವು 52ರಿಂದ 67 ಮಿ.ಮೀ.ವರೆಗಿನ ಯಾವ ಲೆನ್ಸಿಗೂ ಹೊಂದುತ್ತವೆ, ತೆಗೆದು ಹಾಕಲು ಎರಡು ಸೆಕೆಂಡು ಸಾಕು. ಇವೆರಡರಲ್ಲಿ ಮೊದಲು 150ನ್ನೇ ಕೊಳ್ಳಿ. 250ರಲ್ಲಿ ಚಿಟ್ಟೆಗೆ 12 ಸೆಂ.ಮೀ. ಹತ್ತಿರ ಹೋಗಬೇಕಾಗುತ್ತದೆ, ಸ್ಪಷ್ಟವಾಗುವ ಆಳವೋ ಮಿಲಿಮೀಟರಿನ ಒಂದು ಪಾಲು. ಕೆಲವು ಸಾವಿರ ರೂಪಾಯಿಯ ಖರ್ಚು ನಿಜ, ಆದರೂ ಮ್ಯಾಕ್ರೊ ಲೆನ್ಸಿನ ಬೆಲೆಗೆ ಹೋಲಿಸಿದರೆ ಅದು ಚಿಕ್ಕ ಪಾಲು.

ಕ್ಯಾಮೆರಾದ ಸ್ವಂತ ಫ್ಲಾಶನ್ನು ಬಳಸುವುದಾದರೆ ಅದರೆದುರು ಹಾಲುಬಣ್ಣದ ಪ್ಲಾಸ್ಟಿಕ್ ಹಾಳೆಯೊಂದನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಬೆಳಕು ಲೆನ್ಸಿನ ತುದಿಯಾಚೆಗೆ ಹಾಯುವಂತೆ ಮುಂದಕ್ಕೆ ಬಾಗಿಸಿ; ಇಲ್ಲದಿದ್ದರೆ ಚಿತ್ರದ ಕೆಳಭಾಗದಲ್ಲಿ ಲೆನ್ಸಿನದೇ ಅರ್ಧಚಂದ್ರಾಕಾರದ ನೆರಳು ಬೀಳುತ್ತದೆ. ಮತ್ತೆ, ಹತ್ತು ಗಂಟೆಯ ಬಿಸಿಲಿನಲ್ಲಿ ಚಿಟ್ಟೆಯ ಹಿಂದೆ ಓಡಬೇಡಿ. ಮೈ ಬೆಚ್ಚಗಾಗದೆ ಅದು ಹಾರಲಾರದು. ಸೂರ್ಯ ಏರುವ ಮೊದಲು, ಇಬ್ಬನಿ ಹೊತ್ತು ಹುಲ್ಲಿನ ತುದಿಗೆ ಕಚ್ಚಿಕೊಂಡಿರುವ ಚಿಟ್ಟೆಯನ್ನು ಹಿಂದಿನ ಸಂಜೆಯೇ ಗುರುತು ಮಾಡಿಟ್ಟುಕೊಂಡರೆ, ಮಾರನೆಯ ಬೆಳಗ್ಗೆ ಮೊಣಕಾಲೂರಿ ಇಪ್ಪತ್ತು ಚಿತ್ರ ತೆಗೆಯುವಷ್ಟು ಹೊತ್ತು ಅದು ಅಲ್ಲೇ ಇರುತ್ತದೆ.